ನ್ಯಾಯಾಲಯದ ಕಡತವನ್ನು ನೋಡುವ ಹಕ್ಕು



ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳ ವ್ಯವಹಾರವು ಗಣಕಯಂತ್ರಕ್ಕೆ ಏರಿರುವುದರಿಂದ ಅಲ್ಲಿಯ ದಾಖಲೆಗಳೆಲ್ಲ ಇನ್ನು ಜನಸಾಮಾನ್ಯರಿಗೆ ಸುಲಭವಾಗಿ ದೊರೆಯುವುವೆಂಬ ಮಾತು ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಪದೇ ಪದೇ ಕೇಳಿಬರುತ್ತಿದೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಪಕ್ಷಗಾರರ ಹೆಸರಿನಿಂದಲೋ ಪ್ರತಿ ಪ್ರಕರಣವನ್ನು ಗುರುತಿಸುವ ಹದಿನಾರು ಅಕ್ಷರಾಂಕಗಳ ಸಿ.ಎನ್.ಆರ್. ಸಂಖ್ಯೆಯಿಂದಲೋ ಹುಡುಕಿ, ಮುಂದಿನ ವಾಯಿದೆಯನ್ನೂ ಅನೇಕ ಆಜ್ಞೆಗಳನ್ನೂ ತೀರ್ಪುಗಳನ್ನೂ ಮನೆಯಲ್ಲಿಯೇ ಕುಳಿತು ಓದಬಹುದಾಗಿದೆ. ನ್ಯಾಯಾಲಯಗಳ ಗಣಕೀಕರಣದ ಇ-ಕೋರ್ಟ್ಸ್ ಯೋಜನೆಯ 3ನೆಯ ಹಂತಕ್ಕೆ ಕೇಂದ್ರ ಸಚಿವ ಸಂಪುಟವು 2023ರಲ್ಲಿ 7,210 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿದುದೂ ಸ್ವಾಗತಾರ್ಹವೇ. ಆದರೆ ಆ ತೀರ್ಪಿಗೆ ಆಧಾರವಾದ ವಾದಪತ್ರ, ಸಾಕ್ಷಿಗಳ ಹೇಳಿಕೆ, ನಿಶಾನೆ ಹಾಕಿದ ದಸ್ತಾವೇಜು ಇವುಗಳನ್ನು ವ್ಯಾಜ್ಯಕ್ಕೆ ಹೊರಗಿನವನೊಬ್ಬನು ನೋಡಬಯಸಿದರೆ, ಬಾಗಿಲು ಹಿಂದಿನಂತೆಯೇ ಮುಚ್ಚಿರುವುದನ್ನು ಕಾಣುತ್ತಾನೆ.

ನಮ್ಮೂರಿನ ಕೆರೆಯ ತೂಬಿನ ನೀರಿನ ಸರದಿಯ ವಿಷಯದಲ್ಲಿ ಹಿಂದಿನ ತಲೆಮಾರಿನ ಇಬ್ಬರು ಹಿಡುವಳಿದಾರರೊಳಗೆ ನಡೆದಿದ್ದ ದಾವೆಯ ಡಿಕ್ರಿಯ ನಕಲನ್ನು ಬಯಸಿ ನಾನು ಒಂದು ನ್ಯಾಯಾಲಯದ ನಕಲು ಶಾಖೆಗೆ ಹೋದಾಗ, ಮೊದಲು ಬಂದ ಪ್ರಶ್ನೆ, "ತಾವು ವಾದಿಯೋ, ಪ್ರತಿವಾದಿಯೋ?" ಎಂಬುದು. ಎರಡೂ ಅಲ್ಲ, ಅದೇ ತೂಬಿನ ನೀರಿನಲ್ಲಿ ಗದ್ದೆ ಮಾಡುವವನು ಎಂದೆ. ಹಾಗಿದ್ದರೆ ಕಾರಣವನ್ನು ನಿವೇದಿಸುವ ಪ್ರಮಾಣಪತ್ರವನ್ನು ವಕೀಲರ ಮೂಲಕ ತರಬೇಕೆಂದೂ, ಓ.ಎಸ್. (ಮೂಲ ದಾವೆ) ನಂಬರನ್ನೂ ಇಸವಿಯನ್ನೂ ತಿಳಿಸದ ಹೊರತು ರೆಕಾರ್ಡ್ ರೂಮಿನಲ್ಲಿ ಬಟ್ಟೆ ಸುತ್ತಿಟ್ಟ ಕಟ್ಟುಗಳನ್ನು ಬಿಚ್ಚಲಾಗದೆಂದೂ ಉತ್ತರ ಬಂದಿತು. ಗುಮಾಸ್ತರು ಸೌಜನ್ಯದಿಂದಲೇ ನುಡಿದರು. ಅವರ ಮೇಲೆ ನನ್ನ ದೂರಿಲ್ಲ. ಆದರೆ ದಾವೆಯ ನಂಬರನ್ನೇ ಅರಿಯದೆ ಕಡತವನ್ನು ಅರಸುತ್ತ ಬಂದವನು ಆ ನಂಬರನ್ನು ಎಲ್ಲಿಂದ ತರಬೇಕು?

ಮಾಹಿತಿ ಹಕ್ಕಿನ ಕಾಯಿದೆಯಾದರೂ ನೆರವಿಗೆ ಬಂದೀತೆಂದರೆ ಆ ದಾರಿಯೂ ಇಲ್ಲ. ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 4ರಂದು ಕೊಟ್ಟ ತೀರ್ಪಿನ ಪ್ರಕಾರ, ನ್ಯಾಯಾಂಗದ ಕಡತಗಳ ನಕಲನ್ನು ಹೈಕೋರ್ಟಿನ ನಿಯಮಗಳಂತೆಯೇ ಪಡೆಯತಕ್ಕದ್ದು. ಕಡತದೊಳಗಿನ ವಿಷಯವನ್ನು ನ್ಯಾಯಾಲಯವು ಪಕ್ಷಗಾರರ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಂಡಿರುತ್ತದೆಯೆಂದೂ ಆ ತೀರ್ಪು ಹೇಳುತ್ತದೆ. ಆ ಪೀಠದ ಬಗ್ಗೆ ಪೂರ್ಣ ಗೌರವವನ್ನಿಟ್ಟುಕೊಂಡೇ ಈ ಎರಡನೆಯ ಮಾತನ್ನು ನಾನು ಒಪ್ಪಲಾರೆ. ವಿಚಾರಣೆ ನಡೆಯುವ ಸ್ಥಳವು ಸಾರ್ವಜನಿಕರಿಗೆ ತೆರೆದಿರತಕ್ಕದ್ದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 153-ಬಿ ಕಲಮೇ ವಿಧಿಸುತ್ತದೆ. ಸಾಕ್ಷಿಯು ಕಟಕಟೆಯಲ್ಲಿ ನಿಂತು ನುಡಿದುದನ್ನು ಅಂದು ಬೆಂಚಿನ ಮೇಲೆ ಕುಳಿತು ಕೇಳಲು ಯಾವ ಪ್ರಮಾಣಪತ್ರವನ್ನೂ ಕೊಡಬೇಕಿರದಿದ್ದ ಪ್ರಜೆಯು, ಅದೇ ನುಡಿಯು ಬರೆಹಕ್ಕಿಳಿದೊಡನೆ ಅದನ್ನು ಓದುವುದಕ್ಕೆ ಕಾರಣ ಹೇಳಬೇಕಾಗಿ ಬರುವುದು ಹೇಗೆ ನ್ಯಾಯ? ಅದೂ ಅಲ್ಲದೆ, ಜಮೀನು, ದಾರಿ, ನೀರು, ದೇವಸ್ಥಾನದ ಉಂಬಳಿ ಇವುಗಳ ಡಿಕ್ರಿಗಳ ಪರಿಣಾಮವು ಇಬ್ಬರು ಪಕ್ಷಗಾರರಲ್ಲಿಯೇ ನಿಲ್ಲುವಂತಹುದಲ್ಲ. ನೆರೆಹೊರೆಯವರೂ ಕ್ರಯಕ್ಕೆ ಕೊಳ್ಳುವವರೂ ಮುಂದಿನ ಸಂತತಿಯವರೂ ಅದನ್ನು ಅನುಭವಿಸಲೇಬೇಕು.

ಕುಟುಂಬ ಕಲಹ, ಲೈಂಗಿಕ ಅಪರಾಧ, ಮಕ್ಕಳಿಗೆ ಸಂಬಂಧಿಸಿದ ಪ್ರಕರಣ ಇವು ಗೋಪ್ಯವಾಗಿಯೇ ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಕಾನೂನಿನ ರಕ್ಷಣೆಯೂ ಇದೆ. ಆದರೆ ಅಪವಾದಕ್ಕಾಗಿ ಹಾಕಿದ ಬೇಲಿಯನ್ನು ಇಡೀ ದಾಖಲೆ ಕೊಠಡಿಗೇ ಸುತ್ತುವುದು ಸಲ್ಲದು.

ಅಧೀನ ನ್ಯಾಯಾಲಯಗಳ ಕಾರ್ಯವಿಧಾನಕ್ಕೆ ನಿಯಮಗಳನ್ನು ರಚಿಸುವ ಅಧಿಕಾರವನ್ನು ಸಂವಿಧಾನದ 227ನೆಯ ಅನುಚ್ಛೇದವು ಹೈಕೋರ್ಟಿಗೆ ಕೊಟ್ಟಿದೆ. ಆದುದರಿಂದ ನಮ್ಮ ರಾಜ್ಯದ ಉಚ್ಚ ನ್ಯಾಯಾಲಯವು, ಇತ್ಯರ್ಥವಾದ ಸಿವಿಲ್ ದಾವೆಗಳ ಮಟ್ಟಿಗಾದರೂ, ನಿಗದಿಯಾದ ಶುಲ್ಕವನ್ನು ತೆತ್ತ ಯಾರಿಗೇ ಆಗಲಿ ಕಾರಣ ಕೇಳದೆ ನಕಲು ಕೊಡುವಂತೆ ನಿಯಮವನ್ನು ಮಾಡಬೇಕು. ಹಳೆಯ ದಾವೆಗಳ ರಿಜಿಸ್ಟರುಗಳನ್ನು ಪಕ್ಷಗಾರರ ಹೆಸರು, ಗ್ರಾಮ, ಸರ್ವೆ ನಂಬರುಗಳ ಅನುಕ್ರಮದಲ್ಲಿ ಕನ್ನಡದಲ್ಲಿಯೇ ಸಿದ್ಧಪಡಿಸಿ, ಪ್ರತಿಯೊಂದು ತಾಲ್ಲೂಕು ನ್ಯಾಯಾಲಯದ ನಕಲು ಶಾಖೆಯ ಮುಂದೆಯೂ ಜನರು ತಾವೇ ನೋಡಿಕೊಳ್ಳುವಂತೆ ಇರಿಸಬೇಕು.


ಓರ್ವ ರೈತ ವಾಚಕ