ಮೆಂತ್ಯವೂ ಇರಲಿ, ಮಾತ್ರೆಯೂ ಇರಲಿ



ನಮ್ಮ ಹೊಸೂರು, ಡೆಂಕಣಿಕೋಟೆ ಕಡೆ ಮೆಂತ್ಯವಿಲ್ಲದ ಅಡುಗೆಮನೆ ಅಪರೂಪ. ಸಾರಿನ ಪುಡಿಗೂ ಉಪ್ಪಿನಕಾಯಿಗೂ ಕಾಳು ಬೇಕು. ರಾಗಿಮುದ್ದೆಗೆ ಮೆಂತ್ಯಸೊಪ್ಪಿನ ಸಾರು ಬೇಕು. ದೋಸೆಯ ಅಕ್ಕಿ, ಉದ್ದಿನ ಜೊತೆ ಒಂದು ಚಮಚ ಮೆಂತ್ಯ ನೆನೆಹಾಕಿದರೆ ದೋಸೆ ಮೃದುವಾಗಿ, ಹೊಂಬಣ್ಣಕ್ಕೆ ಬರುತ್ತದೆ. ಬಾಣಂತಿಯರಿಗೆ ಬೆಲ್ಲ, ತುಪ್ಪ ಸೇರಿಸಿ ಮೆಂತ್ಯದ ಉಂಡೆ ಕೊಡುವ ವಾಡಿಕೆಯೂ ಉಂಟು. ಹೊಲಕ್ಕೂ ಇದು ಉಪಕಾರಿ. ದ್ವಿದಳ ಬೆಳೆಯಾದ್ದರಿಂದ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. ಬಿತ್ತಿದ 25-30 ದಿನಗಳಲ್ಲಿ ಸೊಪ್ಪು ಕೈಗೆ ಬರುತ್ತದೆ.

ಇಷ್ಟೆಲ್ಲ ಗುಣವಿದ್ದರೂ, ಮೆಂತ್ಯದಿಂದ ಆಗದ ಕೆಲಸವನ್ನು ಅದರಿಂದ ನಿರೀಕ್ಷಿಸುವುದು ಸರಿಯಲ್ಲ. "ಬೆಳಿಗ್ಗೆ ಮೆಂತ್ಯ ನೆನೆದ ನೀರು ಕುಡಿದರೆ ಸಾಕು, ಸಕ್ಕರೆ ಕಾಯಿಲೆಗೆ ಮಾತ್ರೆ ಬೇಡ" ಎಂಬ ಮಾತು ಬಾಯಿಂದ ಬಾಯಿಗೆ ಹಬ್ಬಿದೆ. ಇದನ್ನು ನಂಬಿ ಮಾತ್ರೆ ಬಿಟ್ಟರೆ ಕಣ್ಣು, ಮೂತ್ರಪಿಂಡಗಳು ಸದ್ದಿಲ್ಲದೆ ಕೆಡುತ್ತವೆ. ಪಾದದ ಸ್ಪರ್ಶಜ್ಞಾನ ಕುಂದಿ, ಬರಿಗಾಲಲ್ಲಿ ಹೊಲಕ್ಕಿಳಿಯುವವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಆ ಗಾಯ ಕೀವಾಗಿ ಕಾಲನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು.

ಹಾಗಾದರೆ ಮೆಂತ್ಯದಿಂದ ಪ್ರಯೋಜನವಿಲ್ಲವೇ? ಖಂಡಿತ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ರೋಗಿಗಳ ರಕ್ತದ ಸಕ್ಕರೆ ಇಳಿದದ್ದು ಕಂಡುಬಂತು. ಆದರೆ ಅವರಿಗೆ ಕೊಟ್ಟದ್ದು ಎಣ್ಣೆಯಂಶ ತೆಗೆದ ಮೆಂತ್ಯದ ಪುಡಿ, ದಿನಕ್ಕೆ 100 ಗ್ರಾಂ, ಎರಡು ಹೊತ್ತಿನ ಊಟದಲ್ಲಿ ಬೆರೆಸಿ. ಅವರು ಇನ್ಸುಲಿನ್ ಅವಲಂಬಿಸಿದ್ದ ರೋಗಿಗಳು. ನಾವು ನೆನೆಹಾಕುವ ಒಂದು ಚಮಚ ಮೆಂತ್ಯ ಐದು ಗ್ರಾಂ ತೂಗಬಹುದು. ಅದರಲ್ಲೂ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುವ ಲೋಳೆಯ ನಾರು ಹೆಚ್ಚಾಗಿ ಕಾಳಿನಲ್ಲೇ ಉಳಿಯುತ್ತದೆ. ಬರೀ ನೀರು ಕುಡಿದು ಕಾಳನ್ನು ಚೆಲ್ಲಿದರೆ ಲಾಭವೆಲ್ಲಿ?

ಆದ್ದರಿಂದ ನೆನೆದ ಕಾಳನ್ನೇ ಅಗಿದು ತಿನ್ನಿ, ಸೊಪ್ಪನ್ನು ವಾರಕ್ಕೆರಡು ಸಲ ಉಣ್ಣಿ; ಮಾತ್ರೆಯನ್ನು ಮಾತ್ರ ಬಿಡಬೇಡಿ. ಮಾತ್ರೆಯ ಜೊತೆ ಹೆಚ್ಚು ಮೆಂತ್ಯ ತಿಂದರೆ ಸಕ್ಕರೆ ತೀರಾ ಇಳಿದು ತಲೆಸುತ್ತು ಬರಬಹುದು; ವೈದ್ಯರಿಗೆ ತಿಳಿಸಿಯೇ ತಿನ್ನಿ. ಗರ್ಭಿಣಿಯರು ಮತ್ತು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಸಾರು, ಪಲ್ಯದ ಪ್ರಮಾಣವನ್ನು ಮೀರಬಾರದು. ಕಡಲೆಕಾಯಿ ಒಗ್ಗದವರಿಗೆ ಮೆಂತ್ಯವೂ ಒಗ್ಗದಿರಬಹುದು.

ಮನೆಬಾಗಿಲಿಗೇ ಮಾತ್ರೆ ತಲುಪಿಸುವ ತಮಿಳುನಾಡು ಸರ್ಕಾರದ ಯೋಜನೆ 2021ರಲ್ಲಿ ಮೊದಲಾದದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ಇಷ್ಟು ಹತ್ತಿರ ಬಂದ ಮದ್ದನ್ನು ನಾವೇ ದೂರ ತಳ್ಳುವುದು ಬೇಡ. ಮನೆಯ ಹಿರಿಯರು ಮಾತ್ರೆ ನುಂಗುತ್ತಿದ್ದಾರೆಯೇ ಎಂದು ಇವತ್ತೇ ಕೇಳಿ. ಹಿತ್ತಲಲ್ಲಿ ಮನೆಮಟ್ಟಿಗೆ ಒಂದು ಮಡಿ ಮೆಂತ್ಯವನ್ನೂ ಚೆಲ್ಲಿ.