ಫುಟ್‌ಬಾಲ್ ಬರಲಿ, ಓಡೋರ ಜಾಗವೂ ಉಳೀಲಿ

ಮುಂಜಾನೆ ಐದಕ್ಕೆ ಅಕ್ಕಲಕೋಟ–ಸೊಲ್ಲಾಪುರ ರಸ್ತೆಗೆ ಬಂದು ನೋಡ್ರಿ. ಇನ್ನೂ ಕತ್ತಲಿರ್ತದ. ರಸ್ತೆ ಅಂಚಿನ ಬಿಳಿ ಗೆರೆ ಹಿಡಿದು ನಮ್ಮ ಹುಡುಗರು ಓಡ್ತಿರ್ತಾರ. ಪಕ್ಕದಲ್ಲೇ ಲಾರಿ, ಸೀಜನ್ ಇದ್ದರೆ ಕಬ್ಬಿನ ಟ್ರ್ಯಾಕ್ಟರ್. ಒಬ್ಬ ಪೊಲೀಸ್ ಭರತಿಗೆ ತಯಾರಿ ಮಾಡ್ತಿದ್ದರೆ ಇನ್ನೊಬ್ಬ ಅಗ್ನಿವೀರ್‌ಗೆ, ಮತ್ತೊಬ್ಬ ಶಾಲೆಯ ಜಿಲ್ಲಾ ಸ್ಪರ್ಧೆಗೆ. ಹುಡುಗಿಯರು ಮಾತ್ರ ಕಾಣೋದು ಅಪರೂಪ. ಅವರಿಗೆ ಓಡೋ ಆಸೆ ಇಲ್ಲ ಅಂತಲ್ಲ, ಕತ್ತಲಲ್ಲಿ ರಸ್ತೆ ಮೇಲೆ ಒಬ್ಬಳನ್ನೇ ಕಳಿಸೋಕೆ ಮನೆಯವರಿಗೆ ಧೈರ್ಯ ಇಲ್ಲ.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಒಂದು ಪ್ರಶ್ನೆ ಕೇಳ್ತೀವಿ. ನಮ್ಮ ಭಾಗದಲ್ಲಿ ನಾಳೆ ಹೊಸ ಫುಟ್‌ಬಾಲ್ ಸ್ಟೇಡಿಯಂ ಕಟ್ಟಿದರೆ, ಅದರ ಸುತ್ತ ಓಟದ ಟ್ರ್ಯಾಕ್ ಇರಬೇಕೋ ಬೇಡವೋ?

ಫುಟ್‌ಬಾಲ್ ಹುಚ್ಚಿರೋ ಗೆಳೆಯರು "ಬ್ಯಾಡ್ರಿ" ಅಂತಾರ. ನಾವೂ ಫುಟ್‌ಬಾಲ್ ನೋಡೋರೇ, ಬೆಂಗಳೂರು ಎಫ್‌ಸಿ ಗೆದ್ದರೆ ಸ್ಟೇಟಸ್ ಹಾಕೋರೇ. ಹಾಗಾಗಿ ಅವರ ಮಾತನ್ನು ತಳ್ಳಿಹಾಕೋದಿಲ್ಲ. ಅದರಲ್ಲಿ ಸತ್ಯ ಐತಿ.

ಲೆಕ್ಕ ನೋಡ್ರಿ. ದೊಡ್ಡ ಪಂದ್ಯಗಳ ಫುಟ್‌ಬಾಲ್ ಅಂಗಳ 105 ಮೀಟರ್ ಉದ್ದ, 68 ಮೀಟರ್ ಅಗಲ. 400 ಮೀಟರ್ ಟ್ರ್ಯಾಕಿನ ಒಳಗೆ ಅದು ಹಿಡಿಸ್ತದ, ಆದರೆ ಟ್ರ್ಯಾಕಿನ ಎರಡೂ ತುದಿ ದುಂಡಗೆ ಇರೋದರಿಂದ ಗೋಲಿನ ಹಿಂದೆ ತುಂಬಾ ಜಾಗ ಖಾಲಿ ಉಳೀತದ. ಎಂಟು ಲೇನ್ ಹಾಕಿದರೆ ಗೋಲ್ ಗೆರೆಯಿಂದ ಮೊದಲ ಸಾಲಿನ ಪ್ರೇಕ್ಷಕನಿಗೆ ಸುಮಾರು 36 ಮೀಟರ್ ದೂರ. ಗೋಲ್ ಹೊಡೆದ ಆಟಗಾರನ ಮುಖ ಕಾಣಲ್ಲ, ಕೂಗಿದ್ದು ಅವನಿಗೆ ಕೇಳಲ್ಲ.

ಇದೇ ಕಾರಣಕ್ಕೆ ಯುರೋಪಿನ ದೊಡ್ಡ ಕ್ಲಬ್‌ಗಳು ಟ್ರ್ಯಾಕ್ ಇರೋ ಸ್ಟೇಡಿಯಂ ಬಿಟ್ಟು ಹೋದವು. ಬಯರ್ನ್ ಮ್ಯೂನಿಕ್ ತಂಡ 1972ರ ಒಲಿಂಪಿಕ್ ಸ್ಟೇಡಿಯಂ ಬಿಟ್ಟು 2005ರಲ್ಲಿ ತನ್ನದೇ ಅಂಗಳಕ್ಕೆ ಹೋಯ್ತು. ಇಟಲಿಯ ಟುರಿನ್ ಊರಲ್ಲಿ 1990ರ ವಿಶ್ವಕಪ್‌ಗೆ ಟ್ರ್ಯಾಕ್ ಸಮೇತ ಕಟ್ಟಿದ ಸ್ಟೇಡಿಯಂ ಪ್ರೇಕ್ಷಕರಿಗೆ ಹಿಡಿಸಲೇ ಇಲ್ಲ. ಕೊನೆಗೆ ಅದನ್ನು ಕೆಡವಿ, ಅದೇ ಜಾಗದಲ್ಲಿ ಯುವೆಂಟಸ್ ಕ್ಲಬ್ 2011ರಲ್ಲಿ ಟ್ರ್ಯಾಕ್ ಇಲ್ಲದ ಸ್ಟೇಡಿಯಂ ತೆರೀತು. ಲಂಡನ್ ಒಲಿಂಪಿಕ್ ಸ್ಟೇಡಿಯಂಗೆ 2016ರಲ್ಲಿ ಬಂದ ವೆಸ್ಟ್ ಹ್ಯಾಮ್ ತಂಡದ ಅಭಿಮಾನಿಗಳು "ಆಟ ದೂರ ಆಯ್ತು" ಅಂತ ಗೊಣಗೋದು ಇನ್ನೂ ನಿಂತಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಶ್ರೀ ಕಂಠೀರವ ಸ್ಟೇಡಿಯಂ ನೋಡ್ರಿ. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಜಾಗ. ರಾಜ್ಯದ ಓಟಗಾರರ, ಎಸೆತಗಾರರ ತವರು. 2014ರಲ್ಲಿ ಬೆಂಗಳೂರು ಎಫ್‌ಸಿ ಅಲ್ಲಿಗೆ ಬಂತು. ಸ್ಟೇಡಿಯಂ ತುಂಬಿತು, ನೀಲಿ ಬಾವುಟ ಹಾರಿದವು, ಕನ್ನಡದ ಘೋಷಣೆ ಮೊಳಗಿದವು. ನಮಗೂ ಹೆಮ್ಮೆ. ಆದರೆ ಓಡೋರಿಗೆ ಕಷ್ಟ ಶುರುವಾಯ್ತು. ಪಂದ್ಯ ಇದ್ದರೆ ಅಭ್ಯಾಸ ಬಂದ್. ಹುಲ್ಲು ಹಾಳಾಗ್ತದ ಅಂತ ಚಕ್ರ, ಈಟಿ ಎಸೆಯೋರಿಗೆ ತಡೆ. ಕೋಚ್‌ಗಳು, ಕ್ರೀಡಾಪಟುಗಳು ಪ್ರತಿಭಟನೆ ಮಾಡಿದರು, ವಿಷಯ ಹೈಕೋರ್ಟ್‌ವರೆಗೂ ಹೋಯ್ತು. ಅದೇ ಕಂಠೀರವದಲ್ಲಿ 2025ರ ಜುಲೈ 5ಕ್ಕೆ ನೀರಜ್ ಚೋಪ್ರಾ ಕ್ಲಾಸಿಕ್ ನಡೀತು. ಬರೀ ಈಟಿ ಎಸೆತ ನೋಡೋಕೆ ಸಾವಿರಾರು ಜನ ಬಂದರು. ಅಥ್ಲೆಟಿಕ್ಸ್‌ಗೆ ಪ್ರೇಕ್ಷಕರಿಲ್ಲ ಅನ್ನೋ ಮಾತು ಅವತ್ತು ಸುಳ್ಳಾಯ್ತು.

ಇದರಿಂದ ನಾವು ಕಲಿಯೋದೇನು? ಬೆಂಗಳೂರಿನಂಥ ನಗರದಲ್ಲಿ ದೊಡ್ಡ ಕ್ಲಬ್ ಇದ್ದರೆ ಅದಕ್ಕೆ ಬೇರೆ ಸ್ಟೇಡಿಯಂ ಬೇಕು, ಓಟಗಾರರಿಗೆ ಬೇರೆ ಬೇಕು. ಅಲ್ಲಿ ಎರಡನ್ನೂ ಕಟ್ಟೋ ರೊಕ್ಕ ಐತಿ. ನಮ್ಮ ತಾಲೂಕುಗಳ ಕಥೆ ಬೇರೆ. ಇಲ್ಲಿ ಸಿಗೋದೇ ಒಂದು ಮೈದಾನ, ಅದೂ ಎಷ್ಟೋ ವರ್ಷ ಕಾದ ಮೇಲೆ. ಆ ಒಂದು ಮೈದಾನದಲ್ಲಿ ಯಾರಿಗೆ ಜಾಗ ಇಲ್ಲವೋ ಅವರು ರಸ್ತೆಗೆ ಹೋಗ್ತಾರ.

ಸೊಲ್ಲಾಪುರದ ಪಾರ್ಕ್ ಮೈದಾನದ ಇಂದಿರಾ ಗಾಂಧಿ ಸ್ಟೇಡಿಯಂ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಹೊಸದಾಯ್ತು, 2024ರ ಜನವರಿಯಲ್ಲಿ ಅಲ್ಲಿ ರಣಜಿ ಪಂದ್ಯವೂ ನಡೀತು. ಖುಷಿಯ ಸಂಗತಿ. ಕ್ರಿಕೆಟ್‌ಗೆ ಒಂದು ಒಳ್ಳೆಯ ಅಂಗಳ ಸಿಕ್ಕಿತು. ಮುಂದೆ ಕಟ್ಟೋದು ಫುಟ್‌ಬಾಲ್‌ಗೆ ಅಂತಾದರೆ, ಓಡೋರ ಸರದಿ ಯಾವಾಗ?

ಈಗ ಟ್ರ್ಯಾಕ್ ಯಾಕೆ ಬೇಕೇ ಬೇಕು ಅನ್ನೋದಕ್ಕೆ ಬರ್ತೀವಿ. ಮಹಾರಾಷ್ಟ್ರ ಪೊಲೀಸ್ ಶಿಪಾಯಿ ಭರತಿಯಲ್ಲಿ ಮೈದಾನಕ್ಕೆ 50 ಅಂಕ, ಬರಹದ ಪರೀಕ್ಷೆಗೆ 100 ಅಂಕ. ಹುಡುಗರಿಗೆ 1600 ಮೀಟರ್ ಓಟ, 100 ಮೀಟರ್ ಓಟ, ಗುಂಡು ಎಸೆತ. 1600 ಮೀಟರ್‌ಗೆ ಒಟ್ಟು 20 ಅಂಕ. ಪೂರ್ತಿ ಬೇಕಂದ್ರ 5 ನಿಮಿಷ 10 ಸೆಕೆಂಡಿನೊಳಗೆ ಮುಗಿಸಬೇಕು. ಹುಡುಗಿಯರಿಗೆ 800 ಮೀಟರ್, 2 ನಿಮಿಷ 50 ಸೆಕೆಂಡ್.

400 ಮೀಟರ್ ಟ್ರ್ಯಾಕ್ ಇದ್ದರೆ ಇದು ಸರಳ ಲೆಕ್ಕ. ಹುಡುಗನಿಗೆ ನಾಲ್ಕು ಸುತ್ತು, ಒಂದೊಂದು ಸುತ್ತಿಗೆ 77 ಸೆಕೆಂಡ್. ಹುಡುಗಿಗೆ ಎರಡು ಸುತ್ತು, ಒಂದೊಂದಕ್ಕೆ 85 ಸೆಕೆಂಡ್. ಮೊದಲ ಸುತ್ತು 70ಕ್ಕೆ ಓಡಿಬಿಟ್ಟರೆ ಮೂರನೇ ಸುತ್ತಿನಲ್ಲಿ ಉಸಿರು ಸಿಕ್ಕಿಬೀಳ್ತದ ಅಂತ ಅಲ್ಲೇ ಗೊತ್ತಾಗ್ತದ, ಮರುದಿನ ತಿದ್ದಿಕೊಳ್ಳಬಹುದು. ರಸ್ತೆ ಮೇಲೆ ಈ ಲೆಕ್ಕ ಸಿಗಲ್ಲ. ಅಲ್ಲಿ ಏರು ಇಳಿವು ಇರ್ತದ, ತಿರುವು ಇರಲ್ಲ, ಲಾರಿ ಬಂದರೆ ನಿಲ್ಲಬೇಕು. ವರ್ಷಗಟ್ಟಲೆ ಟಾರ್ ಮೇಲೆ ಓಡಿ ಮೊಣಕಾಲು ಹಿಡಿದುಕೊಂಡು ಕೂತ ಹುಡುಗರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರ, ನಿಮಗೇ ಗೊತ್ತು.

ನಮ್ಮ ವಿಷಯಕ್ಕೆ ಇನ್ನೊಂದು ಮಾತು. ಬರಹದ ಪರೀಕ್ಷೆ ಮರಾಠಿಯಲ್ಲಿ. ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗ ಅಲ್ಲಿ ಮರಾಠಿ ವ್ಯಾಕರಣದ ಪ್ರಶ್ನೆಗೆ ತಡವರಿಸ್ತಾನ. ಕಲೀಬೇಕು, ಕಲೀತಾನ, ಆದರೂ ಒಂದೆರಡು ಅಂಕ ಅಲ್ಲಿ ಜಾರ್ತಾವ. ಮೈದಾನದಲ್ಲಿ ಹಂಗಿಲ್ಲ. ಸ್ಟಾಪ್‌ವಾಚ್‌ಗೆ ಕನ್ನಡ ಮರಾಠಿ ಅಂತ ಭೇದ ಗೊತ್ತಿಲ್ಲ. ಭಾಷೆಯಲ್ಲಿ ಕಳೆದುಕೊಂಡ ಅಂಕವನ್ನು ನಮ್ಮವರು ಕಾಲಿನಿಂದ ಗಳಿಸಬಹುದಾದ ಜಾಗ ಅದೊಂದೇ. ಆ ಜಾಗವನ್ನೇ ಕೊಡದಿದ್ದರೆ ಎರಡೂ ಕಡೆ ಸೋಲು.

ಇದು ಬರೀ ನೌಕರಿ ಮಾತಲ್ಲ. ಬೀಡ್ ಜಿಲ್ಲೆಯ ಬರದ ನಾಡಿನ ಅವಿನಾಶ್ ಸಾಬ್ಳೆ ಸೈನ್ಯ ಸೇರಿದ ಮೇಲೆ ಓಟಗಾರನಾದ. 2022ರ ಕಾಮನ್‌ವೆಲ್ತ್‌ನಲ್ಲಿ ಸ್ಟೀಪಲ್‌ಚೇಸ್ ಬೆಳ್ಳಿ ತಂದ. ಸಾತಾರಾ ಜಿಲ್ಲೆಯ ಮಾಣ ತಾಲೂಕಿನ ಲಲಿತಾ ಬಾಬರ್ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅದೇ ಸ್ಪರ್ಧೆಯ ಫೈನಲ್ ಓಡಿದಳು. ಎರಡೂ ನಮ್ಮಂಥದೇ ಒಣ ನೆಲ. ಅಲ್ಲಿ ಹುಟ್ಟಿದ್ದು ಇಲ್ಲಿ ಹುಟ್ಟಬಾರದು ಅಂತ ಯಾರು ಬರೆದಾರ?

ಹಾಗಾದರೆ ನಮ್ಮ ಬೇಡಿಕೆ ಏನು? ಸುಮ್ಮನೆ "ಟ್ರ್ಯಾಕ್ ಬೇಕು" ಅಂದರೆ ಸಾಲದು, ಕಂಠೀರವದ ಜಗಳ ಇಲ್ಲೂ ಬರ್ತದ. ಬಿಡಿಸಿ ಹೇಳ್ತೀವಿ.

ಒಂದು, ಜಾಗ ಗುರುತಿಸುವಾಗಲೇ 400 ಮೀಟರ್ ಟ್ರ್ಯಾಕಿಗೆ ಲೆಕ್ಕ ಹಾಕಬೇಕು. ಎಂಟು ಲೇನಿನ ಟ್ರ್ಯಾಕಿಗೆ ಸುಮಾರು 4 ಎಕರೆ ಹಿಡೀತದ, ಗ್ಯಾಲರಿಗೆ ಬೇರೆ. ಮೊದಲು ಫುಟ್‌ಬಾಲ್ ಅಂಗಳ ಕಟ್ಟಿ ಆಮೇಲೆ ಟ್ರ್ಯಾಕ್ ಸೇರಿಸೋಕೆ ಬರಲ್ಲ.

ಎರಡು, ಕೋಟಿಗಟ್ಟಲೆ ಖರ್ಚಿನ ಸಿಂಥೆಟಿಕ್ ಟ್ರ್ಯಾಕೇ ಬೇಕು ಅಂತ ನಾವು ಹಟ ಹಿಡಿಯೋದಿಲ್ಲ. ಸಮತಟ್ಟಾದ, ಮಳೆನೀರು ನಿಲ್ಲದ, ಸರಿಯಾಗಿ ಅಳತೆ ಮಾಡಿದ ಮಣ್ಣಿನ ಟ್ರ್ಯಾಕ್ ಸಾಕು.

ಮೂರು, ಗ್ಯಾಲರಿ ಉದ್ದದ ಬದಿಗಳಲ್ಲಿ ಮಾತ್ರ ಇರಲಿ. ಅಲ್ಲಿ ಅಂಗಳದಿಂದ ಪ್ರೇಕ್ಷಕರಿಗೆ ದೂರ 12 ಮೀಟರ್ ಅಷ್ಟೇ. ಫುಟ್‌ಬಾಲ್ ಗೆಳೆಯರ ದೂರು ಅರ್ಧ ಅಲ್ಲೇ ತೀರ್ತದ.

ನಾಲ್ಕು, ಗುಂಡು, ಚಕ್ರ, ಈಟಿ ಎಸೆಯೋಕೆ ಅಂಗಳದ ಹೊರಗೆ ಬೇರೆ ಪಟ್ಟಿ ಬಿಡಬೇಕು. ಹುಲ್ಲು ಉಳೀತದ, ಯಾರ ತಲೆಗೂ ಅಪಾಯ ಇಲ್ಲ.

ಐದು, ವೇಳಾಪಟ್ಟಿ ಬರಹದಲ್ಲಿ ಇರಬೇಕು, ಗೇಟಿನ ಮೇಲೆ ಮರಾಠಿ ಕನ್ನಡ ಎರಡರಲ್ಲೂ ಹಾಕಬೇಕು. ಮುಂಜಾನೆ ಐದರಿಂದ ಎಂಟು ಓಡೋರಿಗೆ, ಸಂಜೆ ಫುಟ್‌ಬಾಲ್‌ಗೆ. ಲೈಟು, ಕಾಂಪೌಂಡು, ಹುಡುಗಿಯರಿಗೆ ಶೌಚಾಲಯ ಕಡ್ಡಾಯ. ಮದುವೆ, ಸಭೆ, ಪ್ರದರ್ಶನಕ್ಕೆ ಟ್ರ್ಯಾಕ್ ಬಾಡಿಗೆ ಕೊಡಬಾರದು.

ಫುಟ್‌ಬಾಲ್ ಗೆಳೆಯರೇ, ನೀವು ಗೋಲ್ ಹತ್ತಿರದಿಂದ ಕಾಣಲಿ ಅಂತ ಕೇಳೋದು ತಪ್ಪಲ್ಲ. ನಾಳೆ ನಮ್ಮೂರಲ್ಲೂ ಹತ್ತು ಸಾವಿರ ಜನ ಸೇರೋ ತಂಡ ಕಟ್ರಿ, ಬೇರೆ ಸ್ಟೇಡಿಯಂ ಕೇಳೋಕೆ ನಾವೇ ನಿಮ್ಮ ಜೊತೆ ಬರ್ತೀವಿ. ಅಲ್ಲೀತನಕ ಹಂಚಿಕೊಂಡು ಬಾಳೋಣ.

ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕಿನ ಗೆಳೆಯರೇ, ಈ ವಾರ ಒಂದು ಕೆಲಸ ಮಾಡ್ರಿ. ನಿಮ್ಮೂರ ಮೈದಾನಕ್ಕೆ ಟೇಪ್ ತಗೊಂಡು ಹೋಗ್ರಿ, ಉದ್ದ ಅಗಲ ಅಳೀರಿ, ಫೋಟೋ ತೆಗೀರಿ. ಮೇಲಿನ ಐದು ಅಂಶ ಬರೆದು ಶಾಸಕರಿಗೆ, ತಹಶೀಲ್ದಾರರಿಗೆ, ಜಿಲ್ಲಾ ಕ್ರೀಡಾಧಿಕಾರಿಗೆ ಅರ್ಜಿ ಕೊಡ್ರಿ. ಮರಾಠಿಯಲ್ಲಿ ಒಂದು ಪ್ರತಿ, ಕನ್ನಡದಲ್ಲಿ ಒಂದು ಪ್ರತಿ. ಓಡೋ ಮರಾಠಿ ಹುಡುಗರ ಸಹಿನೂ ತಗೋರಿ, ಅವರೂ ಅದೇ ಬಿಳಿ ಗೆರೆ ಮೇಲೇ ಓಡ್ತಾರ.

ನಿಮ್ಮೂರಲ್ಲಿ ಮುಂಜಾನೆ ಎಲ್ಲಿ ಓಡ್ತೀರಿ? ಕಮೆಂಟಿನಲ್ಲಿ ಬರೀರಿ.