ಸುನ್ನತಿ ಮತ್ತು ದಾಂಪತ್ಯ: ಈ ಭಯಕ್ಕೆ ಆಧಾರವಿದೆಯೇ?

ಮಕ್ಕಳಿಗೆ ಸುನ್ನತಿ ಮಾಡಿಸುವುದನ್ನು ಕಾನೂನುಬಾಹಿರ ಎಂದು ಸಾರಬೇಕೆಂಬ ಅರ್ಜಿಯನ್ನು 2023ರ ಮಾರ್ಚ್‌ನಲ್ಲಿ ಕೇರಳ ಹೈಕೋರ್ಟ್ ವಜಾ ಮಾಡಿತು. ಕಾನೂನು ರಚಿಸುವುದು ಕೋರ್ಟಿನ ಕೆಲಸವಲ್ಲ, ಪತ್ರಿಕಾ ವರದಿಗಳನ್ನೇ ನಂಬಿದ ಅರ್ಜಿ ನಿಲ್ಲುವುದಿಲ್ಲ ಎಂದಿತು ಪೀಠ. ಕೇಸು ಮುಗಿಯಿತು, ಮಾತು ಮುಗಿದಿಲ್ಲ. ಸುನ್ನತಿಯಾದವರಿಗೆ ದಾಂಪತ್ಯ ಸುಖ ಕಡಿಮೆ ಎನ್ನುವ ವೀಡಿಯೊಗಳು ನಮ್ಮ ಹುಡುಗರ ಮೊಬೈಲ್‌ಗೂ ಬರುತ್ತಿವೆ. ಅದಕ್ಕೆ ಉತ್ತರ ಕೊಡಲು ಹೊರಟ ನಮ್ಮವರೇ ಕೆಲವರು, ಸುನ್ನತಿಯಾದರೆ ಯಾವ ರೋಗವೂ ಬಾರದು ಎನ್ನುತ್ತಾರೆ. ಮದುವೆ ನಿಶ್ಚಯವಾದ ಹುಡುಗ ಇದನ್ನೆಲ್ಲ ಉಪ್ಪನ ಬಳಿ ಕೇಳುತ್ತಾನೆಯೇ? ಉಸ್ತಾದರ ಬಳಿ? ಖಂಡಿತ ಇಲ್ಲ. ಆದ್ದರಿಂದ ಇಲ್ಲೇ ಮಾತಾಡೋಣ.

ಶಾಫಿ ಮದ್‌ಹಬ್‌ನಲ್ಲಿ ಸುನ್ನತಿ ವಾಜಿಬ್. ಡಾಕ್ಟರರ ಸರ್ಟಿಫಿಕೇಟ್ ನೋಡಿ ನಾವು ಅದನ್ನು ಮಾಡಿಸುವುದಲ್ಲ. ಹಾಗಂತ ಆರೋಗ್ಯದ ಪ್ರಶ್ನೆಗೆ ಭಾವನೆಯಿಂದ ಉತ್ತರ ಕೊಟ್ಟರೆ ಯಾರೂ ಒಪ್ಪುವುದಿಲ್ಲ.

ಈ ವಿಷಯದಲ್ಲಿ ಗಟ್ಟಿಯಾದ ಪುರಾವೆ ಸಿಕ್ಕಿದ್ದು ಆಫ್ರಿಕಾದಿಂದ. ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಗಳಲ್ಲಿ ಒಟ್ಟು 10 ಸಾವಿರಕ್ಕೂ ಹೆಚ್ಚು ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೂಡಲೇ ಸುನ್ನತಿ ಮಾಡಿ, ಇನ್ನೊಂದನ್ನು ಕಾಯಿಸಿ ನೋಡಿದರು. ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ತಗಲುವ ಸಾಧ್ಯತೆ ಸುನ್ನತಿಯಾದವರಲ್ಲಿ ಸುಮಾರು 60 ಶೇಕಡ ಕಡಿಮೆ ಕಂಡಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಎಚ್‌ಐವಿ ಹೆಚ್ಚಿರುವ ದೇಶಗಳಿಗೆ ಇದನ್ನು ಶಿಫಾರಸು ಮಾಡಿದ್ದು ಈ ಆಧಾರದ ಮೇಲೆಯೇ. ಆದರೆ 60 ಎಂದರೆ 100 ಅಲ್ಲ. ಸುನ್ನತಿಯಾಗಿದೆ ಎಂದು ಯಾರಿಗೂ ದಾರಿ ತಪ್ಪಲು ಲೈಸೆನ್ಸ್ ಸಿಗುವುದಿಲ್ಲ.

ಇನ್ನು ಸುಖದ ಪ್ರಶ್ನೆ. ಕೀನ್ಯಾ ಮತ್ತು ಉಗಾಂಡದ ಅದೇ ಗಂಡಸರನ್ನು ಎರಡು ವರ್ಷ ಕೇಳುತ್ತಾ ಹೋದರು. ಅವರು ಸುನ್ನತಿಗೆ ಮೊದಲಿನ ಬದುಕನ್ನೂ ಬಲ್ಲವರು, ಎರಡನ್ನೂ ಹೋಲಿಸಿ ಹೇಳಬಲ್ಲವರು. ನಿಮಿರುವಿಕೆಯಲ್ಲಾಗಲಿ ತೃಪ್ತಿಯಲ್ಲಾಗಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಬೇರೆ ಮಾತು ಹೇಳುವ ಅಧ್ಯಯನಗಳೂ ಇವೆ, ಮುಚ್ಚಿಡಬೇಕಾಗಿಲ್ಲ. 2011ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಸಮೀಕ್ಷೆಯೊಂದರಲ್ಲಿ ಸುನ್ನತಿಯಾದ ಗಂಡಸರು ಸ್ವಲ್ಪ ಹೆಚ್ಚು ತೊಂದರೆ ಹೇಳಿಕೊಂಡಿದ್ದರು. ಅದರಲ್ಲಿ ಸುನ್ನತಿಯಾದವರ ಸಂಖ್ಯೆಯೇ ಚಿಕ್ಕದು. ಎರಡನ್ನೂ ತೂಗಿ ನೋಡಿದರೆ, ಹೆದರುವಂಥದ್ದು ಕಾಣುವುದಿಲ್ಲ. ಮದುವೆಯಾದ ಮೇಲೆ ತೊಂದರೆ ಇದ್ದರೆ ಶುಗರ್, ಬಿಪಿ, ಸಿಗರೇಟು, ಮನಸ್ಸಿನ ಒತ್ತಡ, ಇವನ್ನು ಮೊದಲು ನೋಡಬೇಕು. ಗುಪ್ತರೋಗದ ಜಾಹೀರಾತು ನೋಡಿ ದುಡ್ಡು ಸುರಿಯುವುದಲ್ಲ.

ನಮ್ಮ ಪ್ರಕಾರ ನಿಜವಾದ ಚರ್ಚೆ ಇರಬೇಕಾದದ್ದು ಬೇರೆ ಕಡೆ: ಯಾರು ಮಾಡುತ್ತಾರೆ, ಹೇಗೆ ಮಾಡುತ್ತಾರೆ. 2012ರಲ್ಲಿ ಜರ್ಮನಿಯ ಕಲೋನ್ ಕೋರ್ಟ್, ಸುನ್ನತಿ ಎಂದರೆ ದೇಹಕ್ಕೆ ಮಾಡುವ ಗಾಯ ಎಂದು ಹೇಳಿದ್ದು 4 ವರ್ಷದ ಮುಸ್ಲಿಂ ಬಾಲಕನಿಗೆ ರಕ್ತಸ್ರಾವವಾದ ಪ್ರಕರಣದಲ್ಲಿ. ಮುಸ್ಲಿಮರೂ ಯಹೂದಿಗಳೂ ಒಟ್ಟಾಗಿ ವಿರೋಧಿಸಿದರು. ಅದೇ ಡಿಸೆಂಬರಿನಲ್ಲಿ ಅಲ್ಲಿನ ಸಂಸತ್ತು ಸುನ್ನತಿಗೆ ಅನುಮತಿ ನೀಡುವ ಕಾನೂನು ಮಾಡಿತು, ವೈದ್ಯಕೀಯ ನಿಯಮದಂತೆಯೇ ಮಾಡಬೇಕೆಂಬ ಷರತ್ತಿನೊಂದಿಗೆ. ಆ ಷರತ್ತಿನಲ್ಲಿ ನಮಗೆ ತಪ್ಪೇನೂ ಕಾಣುವುದಿಲ್ಲ.

ಮಗು ಚಿಕ್ಕದಿರುವಾಗ ಮಾಡಿಸಿದರೆ ತೊಂದರೆ ಕಡಿಮೆ, ತರಬೇತಿ ಇಲ್ಲದವರ ಕೈಗೆ ಕೊಟ್ಟರೆ ಹೆಚ್ಚು. ಶಾಲೆಗೆ ರಜೆ ಬರಲಿ, ಇಬ್ಬರು ಮಕ್ಕಳದ್ದು ಒಟ್ಟಿಗೆ ಆಗಲಿ ಎಂದು ವರ್ಷಗಟ್ಟಲೆ ಮುಂದೂಡುವವರು ಇದನ್ನು ಗಮನಿಸಬೇಕು. ಉಮ್ಮನ ಕಡೆಯ ಗಂಡಸರಲ್ಲಿ ಯಾರಿಗಾದರೂ ಗಾಯವಾದರೆ ರಕ್ತ ನಿಲ್ಲದ ಕಾಯಿಲೆ ಇದ್ದರೆ ಡಾಕ್ಟರರಿಗೆ ಮೊದಲೇ ತಿಳಿಸಿ. ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಗಡೆ ಇರುವ ಮಗುವಿಗೆ ಅವಸರದಲ್ಲಿ ಸುನ್ನತಿ ಮಾಡಿಸಲೇಬಾರದು. ಅದನ್ನು ಸರಿಪಡಿಸುವ ಶಸ್ತ್ರಕ್ರಿಯೆಗೆ ಅದೇ ಚರ್ಮ ಬೇಕಾಗುತ್ತದೆ.